ಟೈರ್ ರೊಟೇಷನ್, ಸೆನ್ಸರ್ ರೀಸೆಟ್: ಪುಣೆಯಲ್ಲಿ ಎಲ್ಲಿ ಮಾಡಿಸಿದರೆ ಒಳ್ಳೆಯದು?

ಊರಿಗೆ ಹೊರಡುವ ವಾರ ಬಂತು ಅಂದರೆ ಪುಣೆಯ ನಮ್ಮ ಕನ್ನಡದವರ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಟೈರ್ ರೊಟೇಷನ್, ಅಂದರೆ ನಾಲ್ಕೂ ಟೈರು ಸಮವಾಗಿ ಸವೆಯಲಿ ಅಂತ ಚಕ್ರಗಳ ಜಾಗ ಬದಲಿಸುವುದು, ಶೋರೂಮಿನಲ್ಲೇ ಮಾಡಿಸಬೇಕಾ, ಟೈರ್ ಅಂಗಡಿಗೆ ಹೋಗಬೇಕಾ, ಅಥವಾ ಸೊಸೈಟಿ ಗೇಟಿನ ಆಚೆ ಇರುವ ಪಂಕ್ಚರ್ ಅಂಗಡಿಯೇ ಸಾಕಾ? ಅದರ ಹಿಂದೆಯೇ ಇನ್ನೊಂದು ಪ್ರಶ್ನೆ. ಚಕ್ರ ಬದಲಾಯಿಸಿದ ಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿದೆ, ಈಗ ಏನು ಮಾಡಬೇಕು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ದರಕ್ಕಿಂತ ಮೊದಲು ನಿಮ್ಮ ಕಾರಿನ ಸೆನ್ಸರ್ ಯಾವ ಬಗೆಯದು, ಟೈರು ಹೇಗೆ ಸವೆದಿದೆ ಅನ್ನುವ ಎರಡು ವಿಷಯ ನಿರ್ಧರಿಸುತ್ತವೆ. ಇವೆರಡನ್ನೂ ನೀವೇ ಪಾರ್ಕಿಂಗ್‌ನಲ್ಲಿ ನಿಂತು ಹತ್ತು ನಿಮಿಷದಲ್ಲಿ ನೋಡಿಕೊಳ್ಳಬಹುದು. ಅಷ್ಟು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ಸೆನ್ಸರ್ ನೋಡಿ

ಟೈರಿನ ಗಾಳಿಯ ಒತ್ತಡ ನೋಡುವ ವ್ಯವಸ್ಥೆ (ಟಿಪಿಎಂಎಸ್) ಎರಡು ಬಗೆ. ಒಂದರಲ್ಲಿ ಪ್ರತಿ ಚಕ್ರದ ಒಳಗೂ, ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದರೊಳಗೆ ಬ್ಯಾಟರಿ ಇದೆ. ಒತ್ತಡ ಎಷ್ಟಿದೆ ಅಂತ ಅಳೆದು ರೇಡಿಯೋ ಮೂಲಕ ಕಾರಿಗೆ ಹೇಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ನಾಲ್ಕೂ ಚಕ್ರದ ಪಕ್ಕ 33, 32, 33, 31 ಅಂತ ಬೇರೆ ಬೇರೆ ಅಂಕಿ (ಪಿಎಸ್‌ಐ, ಗಾಳಿಯ ಒತ್ತಡದ ಅಳತೆ) ಕಾಣುತ್ತಿದ್ದರೆ ನಿಮ್ಮದು ಈ ಬಗೆ. ಇದನ್ನು ಡೈರೆಕ್ಟ್ ಅನ್ನುತ್ತಾರೆ.

ಇನ್ನೊಂದು ಬಗೆಯಲ್ಲಿ ಚಕ್ರದೊಳಗೆ ಏನೂ ಇಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್‌ಗೆ ಅಂತ ಪ್ರತಿ ಚಕ್ರದ ಹತ್ತಿರ ವೇಗ ಅಳೆಯುವ ಸೆನ್ಸರ್ ಹೇಗೂ ಇರುತ್ತದಲ್ಲ, ಅದನ್ನೇ ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ಸ್ವಲ್ಪ ಕಡಿಮೆಯಾಗುತ್ತದೆ, ಹಾಗಾಗಿ ಅದು ಉಳಿದವಕ್ಕಿಂತ ಒಂಚೂರು ಬೇಗ ತಿರುಗುತ್ತದೆ. ಆ ವ್ಯತ್ಯಾಸ ನೋಡಿ ಕಾರು ದೀಪ ಹಚ್ಚುತ್ತದೆ. ಇದು ಇಂಡೈರೆಕ್ಟ್. ಟಾಟಾದ ಹಲವು ಕಾರುಗಳಲ್ಲಿ ಐಟಿಪಿಎಂಎಸ್ ಅಂತ ಬರೆದಿರುವುದು ಇದೇ. ಅಂಕಿ ಕಾಣದೆ ಬರೀ ದೀಪ ಇದ್ದು, ಜೊತೆಗೆ ಒತ್ತಡ ಸೆಟ್ ಮಾಡುವ ಬಟನ್ ಅಥವಾ ಮೆನು ಇದ್ದರೆ ಬಹುತೇಕ ಇದೇ ಇರುತ್ತದೆ. ಒಂದೇ ಮಾಡೆಲ್‌ನ ಬೇರೆ ಬೇರೆ ವೇರಿಯಂಟ್‌ಗಳಲ್ಲಿ ಬೇರೆ ಇರಬಹುದು. ಗೆಳೆಯನ ಕಾರು ನೋಡಿ ತೀರ್ಮಾನ ಮಾಡಬೇಡಿ, ನಿಮ್ಮ ಮ್ಯಾನ್ಯುಯಲ್ ತೆಗೆದು ಒಂದು ಪುಟ ಓದಿ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ರೊಟೇಷನ್ ಆದಮೇಲೆ ಈ ಎರಡಕ್ಕೂ ಬೇಕಾದ ಕೆಲಸ ಬೇರೆ. ಡೈರೆಕ್ಟ್‌ನಲ್ಲಿ ಸೆನ್ಸರ್ ಚಕ್ರದ ಜೊತೆಗೇ ಹೋಗುತ್ತದೆ. ಮುಂದಿನ ಎಡಗಡೆಯ ಚಕ್ರ ಹಿಂದಕ್ಕೆ ಹೋದರೂ ಕಾರಿನ ಲೆಕ್ಕದಲ್ಲಿ ಅದು ಇನ್ನೂ ಮುಂದೆಯೇ ಇರಬಹುದು. ಆಮೇಲೆ ಎಕ್ಸ್‌ಪ್ರೆಸ್‌ವೇನಲ್ಲಿ ಹಿಂದಿನ ಟೈರಿನ ಗಾಳಿ ಇಳಿದಾಗ ಪರದೆ ಮುಂದಿನ ಟೈರನ್ನು ತೋರಿಸುತ್ತದೆ. ನೀವು ಇಳಿದು ಮುಂದಿನದನ್ನು ಒತ್ತಿ ನೋಡಿ, ಸರಿ ಇದೆ ಅಂತ ಮತ್ತೆ ಹೊರಡುತ್ತೀರಿ. ಇದು ಸಣ್ಣ ವಿಷಯ ಅಲ್ಲ. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ಹೊಸ ಜಾಗವನ್ನು ತಾವೇ ಕಲಿತುಕೊಳ್ಳುತ್ತವೆ. ಕೆಲವಕ್ಕೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಉಪಕರಣ) ಹಿಡಿದು ಹೇಳಿಕೊಡಬೇಕು. ನಿಮ್ಮದು ಯಾವುದು ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಇಂಡೈರೆಕ್ಟ್‌ನಲ್ಲಿ ಸ್ಕ್ಯಾನರ್ ಬೇಡ, ಆದರೆ ರೀಸೆಟ್ ಬೇಕೇ ಬೇಕು. ಚಕ್ರಗಳ ಜಾಗ ಬದಲಾದಾಗ ತಿರುಗುವ ಲೆಕ್ಕವೂ ಬದಲಾಗುತ್ತದೆ.

ಆಮೇಲೆ ಟೈರಿನ ಮೇಲೆ ಕೈಯಾಡಿಸಿ

ಸ್ಟಿಯರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿ, ಮುಂದಿನ ಟೈರಿನ ಅಗಲದುದ್ದಕ್ಕೂ ಅಂಗೈ ಎಳೆಯಿರಿ. ಒಳಗಿನ ಅಂಚಿನಿಂದ ಹೊರಗೆ, ಹೊರಗಿನಿಂದ ಒಳಗೆ. ಎರಡೂ ಕಡೆ ಒಂದೇ ಥರ ನುಣುಪಾಗಿ ಸರಿದರೆ ಒಳ್ಳೆಯದು. ಒಂದು ಕಡೆ ಎಳೆದಾಗ ನುಣುಪು, ವಾಪಸ್ ಎಳೆದಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನ, ಕೆಟ್ಟಿದೆ. ಒಂದೇ ಅಂಚು ಸವೆದಿದ್ದರೂ ಸಾಮಾನ್ಯವಾಗಿ ಅದೇ ಕಾಯಿಲೆ. ಎರಡೂ ಅಂಚು ಸವೆದು ನಡುವೆ ದಪ್ಪ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದ ಹಾಗಿದ್ದರೆ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮವಾಗಿದೆಯಾ ಅನ್ನುವುದು) ಅಥವಾ ಶಾಕ್ ಅಬ್ಸಾರ್ಬರ್ ನೋಡಿಸಬೇಕು.

ಇದನ್ನು ನೋಡದೆ ಬರೀ ರೊಟೇಷನ್ ಮಾಡಿಸಿದರೆ ಕಾಯಿಲೆ ಉಳಿಯುತ್ತದೆ, ಟೈರು ಮಾತ್ರ ಜಾಗ ಬದಲಿಸುತ್ತದೆ. ಮುಂದೆ ಬಂದ ಒಳ್ಳೆಯ ಟೈರೂ ಅದೇ ರೀತಿ ಸವೆಯಲು ಶುರುವಾಗುತ್ತದೆ.

ಎಷ್ಟು ಸವೆದಿದೆ ಅನ್ನುವುದಕ್ಕೆ ಗೆರೆಗಳ ನಡುವೆ ಸಣ್ಣ ರಬ್ಬರ್ ದಿಂಡುಗಳಿವೆ, ಅವು 1.6 ಮಿಲಿಮೀಟರ್ ಎತ್ತರ. ಟ್ರೆಡ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಪದರ, ಸವೆದು ಆ ದಿಂಡಿನ ಮಟ್ಟಕ್ಕೆ ಬಂತು ಅಂದರೆ ಕಾನೂನಿನ ಪ್ರಕಾರವೇ ಟೈರಿನ ಆಯುಷ್ಯ ಮುಗಿದಂತೆ. ನನ್ನನ್ನು ಕೇಳಿದರೆ ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ಮಳೆಯಲ್ಲಿ ಓಡಿಸುವವರು 3 ಮಿಲಿಮೀಟರ್‌ಗೇ ಬದಲಾಯಿಸುವ ಯೋಚನೆ ಮಾಡಬೇಕು. ಟ್ರೆಡ್ ಆಳ ಕಡಿಮೆಯಾದಷ್ಟೂ ನೀರು ಹೊರಗೆ ಹೋಗುವ ದಾರಿ ಕಡಿಮೆ.

ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೆ ಹೋಗುತ್ತದೆ. ಎಳೆಯುವುದೂ ಮುಂದಿನದೇ, ತಿರುಗುವುದೂ ಮುಂದಿನದೇ, ಬ್ರೇಕಿನ ಹೆಚ್ಚಿನ ಭಾರವೂ ಮುಂದಕ್ಕೇ. ಹಾಗಾಗಿ ಮುಂದಿನ ಜೋಡಿ ಬೇಗ ಸವೆಯುತ್ತದೆ. 8,000ದಿಂದ 10,000 ಕಿಲೋಮೀಟರ್‌ಗೊಮ್ಮೆ ಬದಲಾಯಿಸುತ್ತಾ ಬಂದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಆದರೆ ಎರಡು ಮೂರು ವರ್ಷ ಸುಮ್ನೆ ಬಿಟ್ಟು, ಮುಂದಿನವು ಹೆಚ್ಚುಕಡಿಮೆ ಬೋಳಾದ ಮೇಲೆ ಜೂನ್ ತಿಂಗಳಲ್ಲಿ ಅವನ್ನು ಹಿಂದಕ್ಕೆ ಹಾಕಿಸಿದರೆ ಮಳೆಯಲ್ಲಿ ಕಾರಿನ ಹಿಂಭಾಗ ಜಾರುವ ಅಪಾಯ ಹೆಚ್ಚು. ಅಷ್ಟು ವ್ಯತ್ಯಾಸ ಬಂದಿದ್ದರೆ ರೊಟೇಷನ್ ಬಿಡಿ, ಸವೆದ ಎರಡನ್ನು ತೆಗೆಸಿ. ಹೊಸ ಜೋಡಿಯನ್ನು ಹಿಂದೆ ಹಾಕಿಸಿ.

ಇನ್ನು ಉಳಿದದ್ದು ದುಡ್ಡು, ಸಮಯ, ವಾರಂಟಿ, ಮತ್ತು ನಟ್ ಹೇಗೆ ಬಿಗಿಯುತ್ತಾರೆ ಅನ್ನುವುದು. ಕೊನೆಯದನ್ನು ಯಾರೂ ಕೇಳುವುದಿಲ್ಲ. ನಾನು ಮೊದಲು ಅದನ್ನೇ ಕೇಳುತ್ತೇನೆ.

ಕಂಪನಿ ಸರ್ವಿಸ್ ಸೆಂಟರ್

ಸೆನ್ಸರ್ ಡೈರೆಕ್ಟ್ ಆಗಿದ್ದು, ತಾನೇ ಜಾಗ ಕಲಿಯದ ಕಾರಾಗಿದ್ದರೆ ಇಲ್ಲಿಗೇ ಹೋಗಿ. ಆ ಕಂಪನಿಯ ಸ್ಕ್ಯಾನರ್ ಇವರ ಹತ್ತಿರ ಖಂಡಿತ ಇರುತ್ತದೆ. ಯಾವ ಚಕ್ರ ಎಲ್ಲಿದೆ ಅನ್ನುವುದನ್ನು ಕಾರಿಗೆ ಸರಿಯಾಗಿ ಹೇಳಿಕೊಡುತ್ತಾರೆ. ಹಳದಿ ದೀಪ ಹತ್ತಿದಾಗ ಒಂದು ನಿಮಿಷದ ಹಾಗೆ ಮಿನುಗಿ ಆಮೇಲೆ ಹತ್ತಿಕೊಂಡೇ ಇದ್ದರೆ ಅದು ಗಾಳಿಯ ವಿಷಯ ಅಲ್ಲ, ವ್ಯವಸ್ಥೆಯಲ್ಲೇ ದೋಷ. ಸೆನ್ಸರ್ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತದೆ. ಹಳೆ ಕಾರಾದರೆ ಅದು ಮುಗಿದಿರಬಹುದು. ಅದಕ್ಕೂ ಇದೇ ಸರಿಯಾದ ಜಾಗ.

ತೊಂದರೆ ಏನೆಂದರೆ ದರ ಜಾಸ್ತಿ, ಅರ್ಧ ದಿನ ಹೋಗುತ್ತದೆ. ಇದಕ್ಕಂತಲೇ ಬೇರೆ ಹೋಗಬೇಡಿ, 10,000 ಕಿಲೋಮೀಟರ್ ಸರ್ವಿಸ್ ಜೊತೆಗೇ ಮಾಡಿಸಿ. ಇನ್ನೊಂದು, ಬಿಲ್ಲಿನಲ್ಲಿ ರೊಟೇಷನ್ ಅಂತ ಬರೆದ ಮಾತ್ರಕ್ಕೆ ಚಕ್ರ ಬದಲಾಗಿದೆ ಅಂತ ನಂಬಬೇಕಾಗಿಲ್ಲ. ಕಾರು ಕೊಡುವ ಮುಂಚೆ ಪ್ರತಿ ಟೈರಿನ ಪಕ್ಕ ಸೀಮೆಸುಣ್ಣದಲ್ಲಿ 1, 2, 3, 4 ಅಂತ ಬರೆದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಸುಣ್ಣ ಅಳಿಸಿದ್ದರೂ ಟೈರಿನ ಮೇಲೆ ಅಚ್ಚಾಗಿರುವ ನಾಲ್ಕಂಕಿಯ ತಯಾರಿ ವಾರ ಮತ್ತು ವರ್ಷ, ಯಾವುದಾದರೂ ಗೀರು, ಇವುಗಳಿಂದ ಗುರುತು ಸಿಗುತ್ತದೆ. ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ನೋಡಿ.

ಟೈರ್ ಅಂಗಡಿ

ಅಲೈನ್‌ಮೆಂಟ್ ಮಷೀನ್ ಇರುವ ದೊಡ್ಡ ಟೈರ್ ಅಂಗಡಿಗಳನ್ನು ಹೇಳುತ್ತಿದ್ದೇನೆ. ಕಾತ್ರಜ್, ವಾಕಡ್, ಚಿಂಚವಡ, ಹಡಪ್ಸರ್, ಎಲ್ಲ ಕಡೆ ಇವೆ. ಹೆಚ್ಚಿನವರಿಗೆ ನಾನು ಇದನ್ನೇ ಹೇಳುತ್ತೇನೆ. ಯಾಕೆಂದರೆ ಕೈಯಾಡಿಸಿ ನೋಡಿದಾಗ ಸವೆತ ಓರೆಯಾಗಿದೆ ಅನ್ನಿಸಿದರೆ ರೊಟೇಷನ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಒಂದೇ ಕಡೆ ಮುಗಿಯುತ್ತದೆ, ನಿಮ್ಮ ಕಣ್ಣೆದುರೇ ನಡೆಯುತ್ತದೆ, ಮತ್ತು ಸಾಮಾನ್ಯವಾಗಿ ಸರ್ವಿಸ್ ಸೆಂಟರ್‌ಗಿಂತ ಕಡಿಮೆ ದರಕ್ಕೆ ಆಗುತ್ತದೆ. ಬ್ಯಾಲೆನ್ಸಿಂಗ್‌ನಲ್ಲಿ ಹಾಕುವ ತೂಕಕ್ಕೆ ಗ್ರಾಂ ಲೆಕ್ಕದಲ್ಲಿ ಬೇರೆ ದುಡ್ಡು ಸೇರಿಸುವ ಅಂಗಡಿಗಳಿವೆ. ಒಟ್ಟು ಎಷ್ಟು ಅಂತ ಮೊದಲೇ ಕೇಳಿ. ಅಲೈನ್‌ಮೆಂಟ್ ಆದಮೇಲೆ ಮುಂಚಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಪ್ರಿಂಟ್ ತೆಗೆದುಕೊಳ್ಳಿ.

ಇಂಡೈರೆಕ್ಟ್ ಸೆನ್ಸರ್ ಕಾರಿನವರಿಗೆ ಸ್ಕ್ಯಾನರ್ ಬೇಡವಲ್ಲ, ಹಾಗಾಗಿ ಅವರು ಸರ್ವಿಸ್ ಸೆಂಟರ್‌ಗೆ ದುಡ್ಡು ಕೊಡುವ ಕಾರಣವೇ ಇಲ್ಲ. ತಾನೇ ಜಾಗ ಕಲಿಯುವ ಡೈರೆಕ್ಟ್ ಕಾರಿನವರಿಗೂ ಇಲ್ಲಿ ಸಾಕು.

ಚಕ್ರ ಹೇಗೆ ಬದಲಾಯಿಸಬೇಕು ಅನ್ನುವುದು ನಿಮಗೂ ಗೊತ್ತಿರಲಿ. ಮುಂದಿನ ಚಕ್ರ ಓಡಿಸುವ ಕಾರಾದರೆ ಮುಂದಿನ ಎರಡು ನೇರ ಹಿಂದಕ್ಕೆ, ಹಿಂದಿನ ಎರಡು ಅಡ್ಡ ದಾಟಿ ಮುಂದಕ್ಕೆ. ಹಿಂದಿನ ಚಕ್ರ ಅಥವಾ ನಾಲ್ಕೂ ಚಕ್ರ ಓಡಿಸುವ ಗಾಡಿಗಳಲ್ಲಿ ಇದು ಉಲ್ಟಾ. ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡ ಹಿಂದಕ್ಕೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಅಡ್ಡ ದಾಟಿಸುವ ಹಾಗಿಲ್ಲ, ಅದೇ ಪಕ್ಕದಲ್ಲಿ ಮುಂದಿನದು ಹಿಂದೆ, ಹಿಂದಿನದು ಮುಂದೆ, ಅಷ್ಟೇ. ಸ್ಟೆಪ್ನಿ ಅದೇ ಅಳತೆಯದಾಗಿದ್ದರೆ ಅದನ್ನೂ ಸರದಿಗೆ ಸೇರಿಸಬಹುದು, ಆದರೆ ಡೈರೆಕ್ಟ್ ಕಾರಿನಲ್ಲಿ ಸ್ಟೆಪ್ನಿಯೊಳಗೆ ಸೆನ್ಸರ್ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸಣ್ಣ ಸ್ಟೆಪ್ನಿ ಆದರೆ ಬೇಡವೇ ಬೇಡ, ಅದು ತಾತ್ಕಾಲಿಕ ಬಳಕೆಗೆ, ಗಂಟೆಗೆ 80 ಕಿಲೋಮೀಟರ್ ಒಳಗೆ. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ. ಟ್ಯೂಬ್‌ಲೆಸ್ ಟೈರ್, ಒತ್ತಡದ ಸೆನ್ಸರ್, ಪಂಕ್ಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ 2020ರಲ್ಲಿ ನಿಯಮ ಬಂತು. ಅಂಥ ಕಾರಿನವರು ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅನ್ನುವುದರಲ್ಲಿ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಪಂಕ್ಚರ್ ಅಂಗಡಿ

ಹತ್ತಿರ, ಅಗ್ಗ, ಅರ್ಧ ಗಂಟೆಯ ಕೆಲಸ. ರಿಮ್‌ನಿಂದ ಟೈರು ಕಳಚದೆ ಚಕ್ರದ ಜಾಗ ಬದಲಿಸುವುದಷ್ಟೇ ಆದ್ದರಿಂದ ಒಳಗಿನ ಸೆನ್ಸರ್‌ಗೆ ಇಲ್ಲಿ ಪೆಟ್ಟು ಬೀಳುವ ಭಯ ಇಲ್ಲ. ಆ ಭಯ ಇರುವುದು ಟೈರು ಕಳಚಿದಾಗ. ಆಗ ಮಾತ್ರ ವಾಲ್ವಿನ ಹತ್ತಿರ ಒಳಗೆ ಸೆನ್ಸರ್ ಇದೆ ಅಂತ ಮೊದಲೇ ಹೇಳಿ. ಪಂಕ್ಚರಿಗೆ ಒಳಗೆ ಅಂಟುದ್ರವ ಹಾಕುತ್ತೇನೆ ಅಂದರೂ ಬೇಡ ಅನ್ನಿ, ಅದು ಸೆನ್ಸರಿನ ತೂತು ಕಟ್ಟಬಹುದು.

ನನ್ನ ತಕರಾರು ನಟ್ ಬಿಗಿಯುವ ರೀತಿಯ ಬಗ್ಗೆ. ಗಾಳಿ ಗನ್ ಇಟ್ಟು ಗರ್ರ್ ಅಂತ ಕೊನೆಯವರೆಗೂ ಹೊಡೆದುಬಿಡುತ್ತಾರೆ. ಒಂದು ನಟ್ ಮುಗಿದ ಕೂಡಲೇ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಸರಿಯಾದ ಕ್ರಮ ಅಂದರೆ ಎಲ್ಲ ನಟ್‌ಗಳನ್ನೂ ಕೈಯಲ್ಲೇ ನಾಲ್ಕೈದು ಸುತ್ತು ಕೂರಿಸಬೇಕು, ಆಮೇಲೆ ಎದುರುಬದುರಾಗಿ ಒಂದೊಂದೇ ಬಿಗಿಯಬೇಕು, ಕಾರನ್ನು ನೆಲಕ್ಕಿಳಿಸಿ ಕೊನೆಯ ಬಿಗಿತವನ್ನು ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಪಾನಾ) ಕೊಡಬೇಕು. ಸಾಮಾನ್ಯ ಕಾರುಗಳಿಗೆ ಅದು ಸುಮಾರು 85ರಿಂದ 130 ನ್ಯೂಟನ್ ಮೀಟರ್ ಒಳಗೆ ಬರುತ್ತದೆ, ನಿಮ್ಮದಕ್ಕೆ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಅತಿಯಾಗಿ ಬಿಗಿದರೆ ಬೋಲ್ಟಿನ ತಿರುಪಿನ ಗೆರೆ ಕೆಡುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗಬಹುದು. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಹೊತ್ತು ಹೈವೇ ಪಕ್ಕ ಪಂಕ್ಚರ್ ಆದಾಗ ಕಾರಿನ ಜೊತೆ ಬಂದ ಪಾನಾದಿಂದ ಆ ನಟ್ ಬಿಚ್ಚಲು ನಿಮ್ಮಿಂದ ಆಗುವುದಿಲ್ಲ. ಅಪ್ಪ ಅಮ್ಮ, ಮಕ್ಕಳು ಕಾರಿನಲ್ಲಿದ್ದಾಗ ಇದು ನಿಜವಾದ ಸಂಕಟ.

ಸೆನ್ಸರ್ ಇಲ್ಲದ ಹಳೆ ಕಾರು, ಸವೆತ ಸಮವಾಗಿದೆ, ಬಜೆಟ್ ಕಡಿಮೆ ಅಂದರೆ ಪಂಕ್ಚರ್ ಅಂಗಡಿ ನಡೆಯುತ್ತದೆ. ಗನ್ನಿನಲ್ಲಿ ಹಗುರವಾಗಿ ಕೂರಿಸಿ ಸಾಕು, ಉಳಿದದ್ದನ್ನು ಕೈಯಲ್ಲಿ ಬಿಗಿಯೋಣ ಅಂತ ಕೇಳಿ. ಕೇಳಿದರೆ ಮಾಡಿಕೊಡುತ್ತಾರೆ.

ಹೊರಗೆ ವಾಲ್ವಿನ ಮೇಲೆ ಕ್ಯಾಪ್ ಥರ ಹಾಕಿಕೊಳ್ಳುವ ಸೆನ್ಸರ್ ಕೊಂಡವರಿಗೂ ಇದು ಆಗುತ್ತದೆ. ಆ ಕ್ಯಾಪ್‌ಗಳ ಮೇಲೆ ಯಾವುದು ಯಾವ ಚಕ್ರಕ್ಕೆ ಅಂತ ಗುರುತಿರುತ್ತದೆ. ರೊಟೇಷನ್ ಆದಮೇಲೆ ಗುರುತಿನ ಪ್ರಕಾರ ಕ್ಯಾಪ್‌ಗಳನ್ನು ಬಿಚ್ಚಿ ಮತ್ತೆ ಅದರದರ ಜಾಗಕ್ಕೆ ಹಾಕಿದರೆ ಮುಗಿಯಿತು, ಏನನ್ನೂ ಕಲಿಸಬೇಕಾಗಿಲ್ಲ. ಸ್ಕ್ಯಾನರ್ ರಗಳೆ ಬೇಡ ಅನ್ನುವ ಹಳೆ ಕಾರಿನವರಿಗೆ ಈ ಕ್ಯಾಪ್‌ಗಳು ಒಳ್ಳೆಯ ದಾರಿ. ಕಳ್ಳತನದ ಭಯ ಮತ್ತು ರಬ್ಬರ್ ವಾಲ್ವಿನ ಮೇಲೆ ಬೀಳುವ ಭಾರ, ಇವೆರಡು ಅದರ ಕೊರತೆ. ಹಾಕಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ.

ಮನೆ ಬಾಗಿಲಿಗೆ ಬರುವ ವ್ಯಾನ್, ಮತ್ತು ನೀವೇ ಮಾಡುವುದು

ವ್ಯಾನ್‌ನವರು ಪಾರ್ಕಿಂಗ್‌ಗೇ ಬಂದು ರೊಟೇಷನ್, ಬ್ಯಾಲೆನ್ಸಿಂಗ್ ಮಾಡಿಕೊಡುತ್ತಾರೆ. ಸಣ್ಣ ಮಕ್ಕಳಿರುವವರು, ವಯಸ್ಸಾದವರು, ಭಾನುವಾರ ಬಿಟ್ಟರೆ ಬಿಡುವಿಲ್ಲದವರಿಗೆ ಅನುಕೂಲ. ಅಲೈನ್‌ಮೆಂಟ್‌ಗೆ ಮಾತ್ರ ಸಮತಟ್ಟಾದ ಮಷೀನ್ ಬೇಕು, ಹಾಗಾಗಿ ಓರೆ ಸವೆತ ಇದ್ದರೆ ಹೇಗೂ ಅಂಗಡಿಗೆ ಹೋಗಲೇಬೇಕು, ಎರಡು ಸಲ ದುಡ್ಡು ಕೊಡಬೇಡಿ.

ಕೈಯಾರೆ ಮಾಡಿಕೊಳ್ಳುವ ಆಸೆ ಇರುವವರಿಗೆ ಬೇಡ ಅನ್ನುವುದಿಲ್ಲ. ಒಂದು ಟಾರ್ಕ್ ರೆಂಚ್, ಗಾಳಿಯ ಒತ್ತಡ ಅಳೆಯುವ ಒಂದು ಒಳ್ಳೆಯ ಗೇಜ್, ಗಟ್ಟಿ ಸ್ಟ್ಯಾಂಡ್‌ಗಳು ಬೇಕು. ಕಾರಿನ ಜೊತೆ ಬರುವ ಜಾಕ್ ಒಂದು ಸಲಕ್ಕೆ ಒಂದೇ ಚಕ್ರ ಎತ್ತುತ್ತದೆ, ಅದರ ಮೇಲೆ ಮಾತ್ರ ಭರವಸೆ ಇಟ್ಟು ಕಾರಿನ ಕೆಳಗೆ ಕೈ ಕಾಲು ಹಾಕಬಾರದು. ಇಳಿಜಾರಿನ ಬೇಸ್‌ಮೆಂಟ್‌ನಲ್ಲಂತೂ ಪ್ರಯತ್ನವೇ ಬೇಡ. ಖರ್ಚು ಉಳಿಸಲು ಅಂತ ಇದನ್ನು ಮಾಡಬೇಡಿ, ಉಪಕರಣಕ್ಕೆ ಹಾಕಿದ ದುಡ್ಡು ವಾಪಸ್ ಬರಲು ವರ್ಷಗಳು ಬೇಕು. ನಿಮ್ಮ ಕಾರಿನ ನಟ್ ನೀವೇ ಬಿಗಿದ ನೆಮ್ಮದಿ ಬೇಕಿದ್ದರೆ ಮಾಡಿ.

ರೀಸೆಟ್ ಯಾವಾಗ, ಹೇಗೆ

ಎಲ್ಲಿ ಮಾಡಿಸಿದರೂ ಈ ಭಾಗವನ್ನು ನೀವೇ ನೋಡಿಕೊಳ್ಳಿ ಅನ್ನುವುದು ನನ್ನ ಒತ್ತಾಯ. ರೀಸೆಟ್ ಬಟನ್ ಗಾಳಿ ಅಳೆಯುವುದಿಲ್ಲ. ಇಂಡೈರೆಕ್ಟ್ ಕಾರಿನಲ್ಲಿ ಅದು ಹೇಳುವುದು ಇಷ್ಟೇ: ಈಗ ಇರುವ ಸ್ಥಿತಿಯೇ ಸರಿ, ಇದನ್ನು ನೆನಪಿಟ್ಟುಕೋ. ಟೈರಿನಲ್ಲಿ 26 ಪಿಎಸ್‌ಐ ಇದ್ದಾಗ ಅಂಗಡಿಯ ಹುಡುಗ ದೀಪ ಆರಿಸಲು ಅದನ್ನು ಒತ್ತಿಬಿಟ್ಟರೆ ನಿಮ್ಮ ಕಾರು 26 ಅನ್ನೇ ಸರಿ ಅಂದುಕೊಳ್ಳುತ್ತದೆ. ಆಮೇಲೆ ಗಾಳಿ ಇನ್ನೂ ತುಂಬಾ ಇಳಿಯುವವರೆಗೆ ಅದು ಸುಮ್ಮನಿರುತ್ತದೆ.

ಹಾಗಾಗಿ ಮೊದಲು ಗಾಳಿ, ಆಮೇಲೆ ರೀಸೆಟ್. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಟೈರು ತಣ್ಣಗಿರಬೇಕು. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಇರುವ ಸ್ಟಿಕ್ಕರ್ ನೋಡಿ. ಅದರಲ್ಲಿ ಸಾಮಾನ್ಯವಾಗಿ ಕಡಿಮೆ ಜನಕ್ಕೆ ಒಂದು ಅಂಕಿ, ತುಂಬಿದ ಕಾರಿಗೆ ಇನ್ನೊಂದು ಅಂಕಿ ಇರುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಹುಬ್ಬಳ್ಳಿಗೆ ಹೊರಟರೆ ಎರಡನೆಯದು ನಿಮ್ಮದು. ಮುಂದೆ ಹಿಂದೆ ಬೇರೆ ಅಂಕಿ ಇದ್ದರೆ ರೊಟೇಷನ್ ಆದಮೇಲೆ ಅದನ್ನೂ ಸರಿಮಾಡಬೇಕು, ಇದನ್ನು ಅಂಗಡಿಗಳಲ್ಲಿ ತುಂಬಾ ಸಲ ಮರೆಯುತ್ತಾರೆ. ಪೆಟ್ರೋಲ್ ಪಂಪಿನಲ್ಲಿ ಗಾಳಿ ಉಚಿತ, ಹತ್ತಿರದ ಪಂಪಿಗೆ ಬೆಳಗ್ಗೆ ಹೋಗಿ. ನೈಟ್ರೋಜನ್ ಬೇಕಾ ಅಂತ ಕೇಳಿದರೆ, ಮಾಮೂಲಿ ಗಾಳಿಯಲ್ಲೇ 78% ನೈಟ್ರೋಜನ್ ಇದೆ, ಅದಕ್ಕೆ ಕೊಡುವ ದುಡ್ಡಿನಲ್ಲಿ ಸ್ವಂತ ಗೇಜ್ ಕೊಳ್ಳಿ.

ಗಾಳಿ ಸರಿಯಾದ ಮೇಲೆ ಇಗ್ನಿಷನ್ ಆನ್ ಮಾಡಿ, ಕಾರು ನಿಂತಿರುವಾಗಲೇ ಬಟನ್ ಒತ್ತಿ ಹಿಡಿಯಿರಿ ಅಥವಾ ಪರದೆಯ ಮೆನುವಿನಲ್ಲಿ ಸೆಟ್ ಮಾಡಿ. ಆಮೇಲೆ ಸ್ವಲ್ಪ ಹೊತ್ತು ಬೇರೆ ಬೇರೆ ವೇಗದಲ್ಲಿ ಓಡಿಸಿದರೆ ಅದು ಕಲಿತುಕೊಳ್ಳುತ್ತದೆ. ಕಲಿಯುವವರೆಗೆ ಅದರ ಎಚ್ಚರಿಕೆಯನ್ನು ನಂಬಿ ಕೂರಬೇಡಿ. ಡೈರೆಕ್ಟ್ ಕಾರಿನಲ್ಲಿ ಪರೀಕ್ಷೆ ಸುಲಭ: ಒಂದು ಟೈರಿನಿಂದ ಎರಡು ಮೂರು ಪಿಎಸ್‌ಐ ಬಿಟ್ಟು, ಸ್ವಲ್ಪ ದೂರ ಓಡಿಸಿ, ಪರದೆಯಲ್ಲಿ ಅದೇ ಮೂಲೆಯ ಅಂಕಿ ಇಳಿಯಿತಾ ನೋಡಿ. ಬೇರೆ ಮೂಲೆಯದು ಇಳಿದರೆ ಜಾಗ ಕಲಿಸಿಲ್ಲ ಅಂತ ಅರ್ಥ, ವಾಪಸ್ ಹೋಗಿ ಕೇಳಿ. ಬಿಟ್ಟ ಗಾಳಿ ಮತ್ತೆ ತುಂಬಿಸಿ.

ಡಿಸೆಂಬರಿನ ಪುಣೆಯ ಚಳಿಯಲ್ಲಿ ಬೆಳಗ್ಗೆ ದೀಪ ಹತ್ತಿ ಮಧ್ಯಾಹ್ನ ಆರಿಹೋಗುವುದುಂಟು. ತಾಪಮಾನ 10 ಡಿಗ್ರಿ ಇಳಿದರೆ ಒತ್ತಡ ಒಂದು ಪಿಎಸ್‌ಐಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಆರಿತು ಅಂತ ಬಿಡಬೇಡಿ, ಗಾಳಿ ತುಂಬಿಸಿ. ದೀಪ ಇಲ್ಲ ಅಂದಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಅಮೆರಿಕದ ನಿಯಮದಲ್ಲಿ ಒತ್ತಡ ಹೇಳಿದ್ದಕ್ಕಿಂತ 25% ಇಳಿದಾಗ ದೀಪ ಹತ್ತಿದರೆ ಸಾಕು. 33 ಬೇಕಾದ ಕಡೆ 25ಕ್ಕೆ ಇಳಿಯುವವರೆಗೆ ಅಂದ ಹಾಗೆ. ತಿಂಗಳಿಗೊಮ್ಮೆ ಗೇಜ್ ಹಿಡಿಯುವುದನ್ನು ಸೆನ್ಸರ್ ತಪ್ಪಿಸುವುದಿಲ್ಲ.

ಅಂಗಡಿ ಆರಿಸುವ ಮೊದಲು ಫೋನಿನಲ್ಲಿ ಎರಡು ಮಾತು ಕೇಳಿ: ಟಾರ್ಕ್ ರೆಂಚ್ ಆಹೇ ಕಾ, ಟಿಪಿಎಂಎಸ್ ಸ್ಕ್ಯಾನರ್ ಆಹೇ ಕಾ (ಮರಾಠಿಯಲ್ಲಿ ‘ಇದೆಯಾ’ ಅಂತ). ಸ್ಕ್ಯಾನರ್ ನಿಮ್ಮ ಕಾರಿಗೆ ಬೇಡವಾದರೆ ಮೊದಲನೆಯದಷ್ಟೇ ಸಾಕು. ಇಲ್ಲ ಅಂದರೆ ಮುಂದಿನ ಅಂಗಡಿಗೆ ಫೋನ್ ಮಾಡಿ. ಮತ್ತೆ ರೊಟೇಷನ್ ಅನ್ನು ಊರಿಗೆ ಹೊರಡುವ ಹಿಂದಿನ ಸಂಜೆ ಇಟ್ಟುಕೊಳ್ಳಬೇಡಿ, ಒಂದು ವಾರ ಮುಂಚೆ ಮಾಡಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ, ತಣ್ಣಗಾದಾಗ ನಟ್‌ಗಳನ್ನು ಇನ್ನೊಮ್ಮೆ ನೋಡಬೇಕು. ಆ ದೂರ ಆಫೀಸಿನ ಓಡಾಟದಲ್ಲೇ ಮುಗಿದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಾತಾರಾ ದಾಟುವ ಹೊತ್ತಿಗೆ ಎಲ್ಲಾದರೂ ನಿಲ್ಲಿಸಿ ನೀವೇ ಪಾನಾ ಹಿಡಿಯಬೇಕಾಗುತ್ತದೆ.